ದ್ವೀಪದ ಸೂಟಿ ಮತ್ತು ನಮ್ಮ ಹಾಜರಿ ಪುಸ್ತಕ

ಕಲಬುರಗಿಯ ನೆಹರು ಗಂಜಿನ ಒಂದು ಗೋಡೆಯ ಮೇಲೆ ದೊಡ್ಡದೊಂದು ಬಣ್ಣದ ಫಲಕ ತೂಗಾಡುತ್ತಿದೆ. ನೀಲಿ ಸಮುದ್ರ, ಬಿಳಿಯ ಮರಳು, ಬಾಗಿ ನಿಂತ ತೆಂಗಿನ ಮರ, ಅದರ ಕೆಳಗೆ ಕಾಲು ಚಾಚಿ ಮಲಗಿದ ಗಂಡ-ಹೆಂಡತಿ. ಈ ರಜಾಕಾಲದಲ್ಲಿ ಅಂಡಮಾನಕ್ಕೆ ಬನ್ನಿರಿ, ಉಷ್ಣವಲಯದ ಸ್ವರ್ಗ ನಿಮ್ಮನ್ನು ಕರೆಯುತ್ತಿದೆ, ಹಣ ಕಂತಿನಲ್ಲಿ ಕೊಟ್ಟರೂ ನಡೆಯುತ್ತದೆ ಎಂದು ಕೆಳಗೆ ಒಕ್ಕಣೆ. ಆ ಫಲಕದ ನೆರಳಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಅಫಜಲಪುರ, ಜೇವರ್ಗಿ ಕಡೆಯ ಐದಾರು ಮಂದಿ ಹಮಾಲರು ಬುತ್ತಿ ಬಿಚ್ಚಿಕೊಂಡು ಕುಳಿತಿರುತ್ತಾರೆ. ಅವರಲ್ಲೊಬ್ಬ ಮೊನ್ನೆ ನನ್ನನ್ನು ಕೇಳಿದ:

“ಉಷ್ಣವಲಯ ಅಂದ್ರ ಏನ್ರಿ ಅಣ್ಣಾರ?”

“ಸೂರ್ಯ ನೆತ್ತಿಯ ಮೇಲೆ ಬರುವ ಸೀಮೆ, ತಮ್ಮಾ.”

“ಹಂಗಾದ್ರ ನಮ್ಮ ಜೇವರ್ಗಿನೂ ಅದೇ ಆಯ್ತಲ್ರಿ. ಬ್ಯಾಸಿಗ್ಯಾಗ ನಮ್ಮ ಬಿಸಿಲು ನೋಡಾಕ ಯಾರೂ ರೊಕ್ಕ ಕೊಟ್ಟು ಬರಂಗಿಲ್ಲ ನೋಡ್ರಿ.”

ಎಲ್ಲರೂ ನಕ್ಕರು. ಆದರೆ ಭೂಗೋಳದ ಪ್ರಕಾರ ಅವನ ಮಾತಿನಲ್ಲಿ ಕಿಂಚಿತ್ತೂ ತಪ್ಪಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳು 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಶುದ್ಧ ಉಷ್ಣವಲಯವೇ ಸರಿ. ಕೊರತೆಯೇನಾದರೂ ಇದ್ದರೆ ಅದು ಸಮುದ್ರದ್ದು ಮತ್ತು ಸೂಟಿಯದು. ಸಮುದ್ರವನ್ನು ತರಲು ನಮ್ಮಿಂದಾಗದು. ಸೂಟಿಯ ಮಾತು ಬೇರೆ. ಅದು ನಿಸರ್ಗ ಮಾಡಿದ ಕೊರತೆಯಲ್ಲ, ಮನುಷ್ಯರು ಮಾಡಿದ್ದು. ಇಂದಿನ ಈ ಲೇಖನ ಅದರ ಮೇಲೆಯೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದ್ವೀಪಕ್ಕೆ ಹೋಗುವವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ವರ್ಷವಿಡೀ ದುಡಿದ ಮನುಷ್ಯ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಾಲ್ಕು ದಿನ ಸಮುದ್ರದ ದಂಡೆಯಲ್ಲಿ ಕುಳಿತು ಬಂದರೆ ಯಾರ ಗಂಟೂ ಹೋಗುವುದಿಲ್ಲ. ಸಮಾಜವಾದಿಗಳೆಂದರೆ ಎಲ್ಲರ ಮುಖದಲ್ಲೂ ದುಃಖವನ್ನೇ ನೋಡಬಯಸುವವರೆಂದು ಕೆಲವರು ಸುದ್ದಿ ಹಬ್ಬಿಸಿದ್ದಾರೆ. ಅದು ಶುದ್ಧ ಸುಳ್ಳು. ನಮ್ಮ ತಕರಾರು ಇಷ್ಟೇ: ಆ ನಾಲ್ಕು ದಿನ ಈ ದೇಶದಲ್ಲಿ ಯಾರ ಪಾಲಿಗೆ ಬರುತ್ತವೆ, ಯಾರ ಪಾಲಿನಿಂದ ಕಿತ್ತುಕೊಳ್ಳಲ್ಪಡುತ್ತವೆ?

ಈ ‘ರಜಾಕಾಲ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿರಿ. ಪ್ರವಾಸ ಕಂಪನಿಯ ಪಂಚಾಂಗದಲ್ಲಿ ಅದು ಡಿಸೆಂಬರ್ ಮತ್ತು ಜನವರಿ. ಸಮುದ್ರ ಶಾಂತವಾಗಿರುತ್ತದೆ, ಶಾಲೆಗಳಿಗೆ ಕ್ರಿಸ್ಮಸ್ ಬಿಡುವು ಇರುತ್ತದೆ, ದೊಡ್ಡ ಪಗಾರದ ನೌಕರರಿಗೆ ವರ್ಷಾಂತ್ಯದೊಳಗೆ ಮುಗಿಸಲೇಬೇಕಾದ ರಜೆಗಳು ಉಳಿದಿರುತ್ತವೆ. ನಮ್ಮ ಪಂಚಾಂಗದಲ್ಲಿ ಅದೇ ಎರಡು ತಿಂಗಳು ಏನು? ತೊಗರಿ ರಾಶಿಯ ಕಾಲ. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿ ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಬೆನ್ನಿಗೇ ಗಂಜಿಗೆ ಚೀಲಗಳು ಇಳಿಯುತ್ತವೆ. ದಾಲ್ ಮಿಲ್ಲುಗಳು ಹಗಲು ರಾತ್ರಿ ತಿರುಗತೊಡಗುತ್ತವೆ. ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಸಕ್ಕರೆ ಕಾರಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಆಗಲೇ ಭರದಲ್ಲಿರುತ್ತದೆ. ತಾಂಡಾಗಳಿಂದ ಗುಳೆ ಹೋದವರು ಆ ದಿನಗಳಲ್ಲಿ ಮುಂಬಯಿ, ಪುಣೆ, ಬೆಂಗಳೂರಿನ ಕಟ್ಟಡಗಳ ಮೇಲೆ ಇಟ್ಟಿಗೆ ಹೊರುತ್ತಿರುತ್ತಾರೆ. ಒಬ್ಬರ ರಜಾಕಾಲವೆಂದರೆ ಇನ್ನೊಬ್ಬರ ಬೆನ್ನು ಮುರಿಯುವ ಕಾಲ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು, ಬೇಳೆಯ ಹೆಸರು ದೊಡ್ಡದಾಯಿತು; ಬೇಳೆ ಒಡೆಯುವವನ ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಇಂದಿಗೂ ಪೆನ್ಸಿಲಿನಲ್ಲಿ ಬರೆಯಲ್ಪಡುತ್ತದೆ.

ಹಾಜರಿ ಪುಸ್ತಕದ ಮಾತು ಬಂದದ್ದರಿಂದ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಒಂದು ಮಿಲ್ಲಿನ ಆಫೀಸು. ಹೆಸರು ಬೇಡ, ಎಲ್ಲ ಕಡೆಯೂ ನಡೆಯುವುದೇ. ವರ್ಷಗಟ್ಟಲೆ ಅಲ್ಲಿಯೇ ದುಡಿಯುತ್ತಿರುವ ನಡುವಯಸ್ಸಿನ ಕೆಲಸಗಾರನೊಬ್ಬ ಬಾಗಿಲಲ್ಲಿ ನಿಂತು ಎರಡು ದಿನದ ಸೂಟಿ ಕೇಳುತ್ತಿದ್ದ.

“ಏನಪಾ, ಎಲ್ಲಿ ಹೊಂಟಿದಿ? ಅಂಡಮಾನಕ್ಕೇನು?” ಎಂದು ಮುನೀಮರು ಕನ್ನಡಕದ ಮೇಲಿನಿಂದ ನೋಡಿದರು.

“ಇಲ್ರಿ ಮುನೀಮ್ ಸಾಹೇಬ್ರ, ಆಳಂದಕ್ಕ ಉರುಸಿಗಿ ಹೋಗಿ ಬರ್ತೀನ್ರಿ. ಮಗಳು ಬರಾಕತ್ತಾಳ್ರಿ.”

“ಹೋಗು, ಯಾರು ಬ್ಯಾಡಂದಾರ? ಹೋದ ದಿನದ ಪಗಾರ ಇಲ್ಲ, ಅಷ್ಟೇ.”

ನೋಡಿರಿ, ಎಷ್ಟು ಔದಾರ್ಯ! ಪಗಾರವಿಲ್ಲದ ರಜೆಗೆ ನಮ್ಮ ಸೀಮೆಯಲ್ಲಿ ಬರವೇ ಇಲ್ಲ. ಮಳೆ ಬಂದರೆ ರಜೆ, ಕರೆಂಟು ಹೋದರೆ ರಜೆ, ಮಾಲು ಬಾರದಿದ್ದರೆ ರಜೆ. ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರಿಗೆ ಮಿಲ್ಲು ಮುಚ್ಚಿ ಶಾಶ್ವತ ರಜೆಯೇ ದೊರೆಯಿತು. ಈಗ ಆ ಹೆಸರು ಒಂದು ಬಡಾವಣೆಯ ಗುರುತಾಗಿ ಉಳಿದಿದೆ. ದುಡಿಮೆಗಾರನಿಗೆ ಬೇಕಾದದ್ದು ಇಂಥ ರಜೆಯಲ್ಲ. ಅವನಿಗೆ ಬೇಕಾದದ್ದು ಪಗಾರದೊಡನೆ ಬರುವ ರಜೆ. ಮನೆಯಲ್ಲಿ ಒಲೆ ಉರಿಯುತ್ತಿರುವಾಗಲೇ ತಾನು ಕುಳಿತು ಉಣ್ಣುವ ದಿನ ಅದು.

ಇದು ನಮ್ಮ ಹೊಸ ಬೇಡಿಕೆಯಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ಒಂದು ದಿನದ ಬಿಡುವೂ ಇಲ್ಲದ ಕಾಲವಿತ್ತು. ಸೂರ್ಯ ಹುಟ್ಟುವ ಮೊದಲು ಗಿರಣಿ ಹೊಕ್ಕವನು ಮುಳುಗಿದ ಮೇಲೆ ಹೊರಬೀಳುತ್ತಿದ್ದ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಆ ಕಾರ್ಮಿಕರನ್ನು ಸಭೆ ಸೇರಿಸಿ ಭಾನುವಾರದ ಬಿಡುವನ್ನು ಕೇಳಿದರು. ಮಾಲಿಕರು ಒಪ್ಪಿದ್ದು 1890ರ ಜೂನ್ 10ರಂದು, ಆರು ವರ್ಷಗಳ ಮೇಲೆ. ಇಂದು ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಭಾನುವಾರವನ್ನು ದೇವರೇ ಕೊಟ್ಟದ್ದೆಂದು ತಿಳಿದಿದ್ದಾರೆ. ಅದನ್ನು ಕೊಡಿಸಿದವರು ಗಿರಣಿಯ ಜನ.

ಫ್ರಾನ್ಸ್ ದೇಶದಲ್ಲಿ 1936ರಲ್ಲಿ ನಡೆದದ್ದನ್ನೂ ಕೇಳಿರಿ. ಕಾರ್ಮಿಕರು ಕಾರಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಸಮಾಜವಾದಿಗಳ ಮುಂದಾಳುತನದ ಜನತಾರಂಗದ ಸರಕಾರ ಪ್ರತಿಯೊಬ್ಬ ದುಡಿಮೆಗಾರನಿಗೂ ವರ್ಷಕ್ಕೆ ಎರಡು ವಾರದ ಪಗಾರಸಹಿತ ರಜೆಯನ್ನು ಕಾನೂನಾಗಿ ಮಾಡಿತು. ರೈಲಿನಲ್ಲಿ ರಿಯಾಯಿತಿ ಟಿಕೇಟನ್ನೂ ಕೊಟ್ಟಿತು. ಹುಟ್ಟಿದಾರಭ್ಯ ಸಮುದ್ರವನ್ನೇ ಕಾಣದ ಲಕ್ಷಾಂತರ ಕುಟುಂಬಗಳು ಆ ಬೇಸಿಗೆಯಲ್ಲಿ ಸಮುದ್ರ ಕಂಡವು. ಅಲ್ಲಿಯವರೆಗೆ ಆ ದಂಡೆಗಳನ್ನು ತಮ್ಮ ಪಿತ್ರಾರ್ಜಿತವೆಂದು ತಿಳಿದಿದ್ದ ಸಿರಿವಂತರು, ಈ ಕೊಳಕು ಜನ ಎಲ್ಲಿಂದ ಬಂದರೆಂದು ಮೂಗು ಮುರಿದರಂತೆ. ಮುರಿದ ಮೂಗುಗಳಿಂದ ಕಾನೂನೇನೂ ಮುರಿಯಲಿಲ್ಲ.

ನಮ್ಮ ದೇಶದಲ್ಲಿ ಕಾನೂನು ಇರಲಿಲ್ಲವೇ? ಇತ್ತು. 1948ರ ಕಾರಖಾನೆ ಕಾಯಿದೆ ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನದ ದುಡಿಮೆಗೆ ಒಂದು ದಿನ ಪಗಾರಸಹಿತ ರಜೆಯನ್ನು ಕೊಟ್ಟಿತ್ತು. ನಾಲ್ಕು ದಿನಕ್ಕೆ ಕಡಿಮೆಯಿಲ್ಲದ ರಜೆ ಪಡೆದವನಿಗೆ ಆ ದಿನಗಳ ಪಗಾರವನ್ನು ರಜೆ ಆರಂಭವಾಗುವ ಮುಂಚೆಯೇ ಕೊಡತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಓದುಗರೇ, ನಿಮ್ಮಲ್ಲಿ ಎಷ್ಟು ಮಂದಿಗೆ ಆ ಹಣ ಮುಂಚಿತವಾಗಿ ಕೈಗೆ ಬಂದಿತ್ತು? ನಮ್ಮ ಸಂವಿಧಾನದ 43ನೆಯ ವಿಧಿ ಇನ್ನೂ ಮುಂದೆ ಹೋಗಿ, ಎಲ್ಲ ದುಡಿಮೆಗಾರರಿಗೂ ಬದುಕಲು ಸಾಲುವ ಕೂಲಿಯನ್ನಷ್ಟೇ ಅಲ್ಲದೆ ವಿರಾಮವನ್ನು ಪೂರ್ಣವಾಗಿ ಅನುಭವಿಸುವ ಸ್ಥಿತಿಯನ್ನೂ ಒದಗಿಸಲು ಸರಕಾರ ಯತ್ನಿಸಬೇಕೆನ್ನುತ್ತದೆ. ವಿರಾಮ! ಈ ಶಬ್ದ ಸಂವಿಧಾನದಲ್ಲಿದೆಯೆಂದು ಹೇಳಿದರೆ ನಮ್ಮ ಮುನೀಮರು ನಂಬಲಾರರು.

2025ರ ನವೆಂಬರ್ 21ರಿಂದ ಆ ಹಳೆಯ ಕಾಯಿದೆ ಹೋಗಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇವುಗಳಲ್ಲಿ ನಮಗೆ ಒಪ್ಪಿಗೆಯಾಗದ ಸಂಗತಿಗಳು ಬಹಳ ಇವೆ. ಅವನ್ನೆಲ್ಲ ಇಲ್ಲಿ ಎತ್ತುವುದಿಲ್ಲ. ರಜೆಯ ವಿಷಯದಲ್ಲಿ ಮಾತ್ರ ಒಂದು ಒಳ್ಳೆಯದಾಗಿದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ: 240 ದಿನದ ಜಾಗದಲ್ಲಿ 180 ದಿನ ದುಡಿದರೆ ಸಾಕು, ರಜೆಯ ಹಕ್ಕು ಬರುತ್ತದೆ. ಲೆಕ್ಕ ಅದೇ, ಇಪ್ಪತ್ತು ದಿನಕ್ಕೊಂದು. 180 ದಿನ ದುಡಿದವನಿಗೆ 9 ದಿನ, 300 ದಿನ ದುಡಿದವನಿಗೆ 15 ದಿನ. ಕೇಳಿದ ರಜೆಯನ್ನು ನಿರಾಕರಿಸಿದರೆ ಅದು ಮುಂದಿನ ವರ್ಷಕ್ಕೆ ಕೂಡಿಕೊಳ್ಳುತ್ತದೆ, ಸತ್ತುಹೋಗುವುದಿಲ್ಲ.

ಇನ್ನು ಕೆಟ್ಟದ್ದನ್ನು ಕೇಳಿರಿ. ಯಂತ್ರವಿರುವ ಕಡೆ 10 ಜನ ದುಡಿದರೆ ಅದನ್ನು ಕಾರಖಾನೆಯೆಂದು ಕರೆಯುತ್ತಿದ್ದ ಕಾನೂನು ಈಗ 20 ಜನ ಬೇಕೆನ್ನುತ್ತದೆ. ರಜೆಯ ನಿಯಮ 10 ಜನ ಇರುವ ಉದ್ಯಮಗಳಿಗೆ ಅನ್ವಯಿಸುತ್ತದೆಂಬುದು ನಿಜ. ಆದರೆ ನಮ್ಮ ಸೀಮೆಯ ಸಣ್ಣ ದಾಲ್ ಮಿಲ್ಲಿನಲ್ಲಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿರುತ್ತವೆ? ಒಂಬತ್ತು! ಉಳಿದವರು ಗುತ್ತೇದಾರನ ಆಳುಗಳು, ಚೀಲದ ಲೆಕ್ಕದ ಹಮಾಲರು, ಬೇಳೆ ಹಸನು ಮಾಡುವ ಹೆಣ್ಣಾಳುಗಳು. ಹತ್ತನೆಯವನು ಕಣ್ಣೆದುರಿಗೆ ಚೀಲ ಹೊತ್ತುಕೊಂಡು ಓಡಾಡುತ್ತಿದ್ದರೂ ಪುಸ್ತಕಕ್ಕೆ ಕಾಣಿಸುವುದಿಲ್ಲ. ಹಂಗಾಮು ಮುಗಿಯುತ್ತಲೇ ಹೆಸರು ಹೊಡೆದು, ಹತ್ತು ದಿನ ಬಿಟ್ಟು ಬೇರೊಬ್ಬ ಗುತ್ತೇದಾರನ ಹೆಸರಿನಲ್ಲಿ ಅದೇ ಮನುಷ್ಯನನ್ನು ಕರೆದುಕೊಳ್ಳುತ್ತಾರೆ. ಹೀಗೆ 180 ದಿನಗಳು ಎಂದೂ ಪೂರ್ತಿಯಾಗುವುದಿಲ್ಲ. ಜಾದೂಗಾರರು ಊರೂರು ಅಲೆದು ಆಟ ತೋರಿಸಿ ಹೊಟ್ಟೆ ಹೊರೆಯುತ್ತಾರೆ. ಇವರು ಕುಳಿತಲ್ಲಿಯೇ ಮನುಷ್ಯರನ್ನು ಮಾಯ ಮಾಡಿ ಮಹಡಿ ಕಟ್ಟುತ್ತಾರೆ.

ಇಷ್ಟು ಸಾಲದೆಂದು ಮೇಲಿನಿಂದ ಉಪದೇಶ ಬೇರೆ. ಯುವಕರು ವಾರಕ್ಕೆ 70 ತಾಸು ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕರಾದ ಎನ್. ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಅಪ್ಪಣೆ ಕೊಡಿಸಿದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಅಧ್ಯಕ್ಷರು 90 ತಾಸಿಗೆ ಏರಿದರು. ಭಾನುವಾರ ಮನೆಯಲ್ಲಿದ್ದು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಅರ್ಥದ ಮಾತನ್ನೂ ಆಡಿದರು. ಗುಳೆ ಹೋದ ನಮ್ಮ ಜೇವರ್ಗಿಯ ಹುಡುಗ ಆರು ತಿಂಗಳಿಂದ ಹೆಂಡತಿಯ ಮುಖವನ್ನೇ ಕಂಡಿಲ್ಲವೆಂಬುದು ಅವರಿಗೆ ಯಾರಾದರೂ ತಿಳಿಸಬೇಕಾಗಿತ್ತು. ಲೋಖಂಡೆಯವರು ಗಳಿಸಿಕೊಟ್ಟ ಭಾನುವಾರವನ್ನು ನೂರಮೂವತ್ತು ವರ್ಷಗಳ ಮೇಲೆ ವಾಪಸು ಕೇಳಲು ಇವರಿಗೆ ನಾಚಿಕೆಯಾಗಲಿಲ್ಲ. ನಮ್ಮ ಕರ್ನಾಟಕದ ವಿಧಾನಮಂಡಲವೂ ಹಿಂದೆ ಬೀಳಲಿಲ್ಲ. 2023ರಲ್ಲಿ ಕಾಯಿದೆ ತಿದ್ದಿ ದಿನಕ್ಕೆ 12 ತಾಸಿನವರೆಗೆ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು.

ಇನ್ನೊಂದು ಪಕ್ಕವನ್ನೂ ನೋಡೋಣ. 1956ರ ಅಕ್ಟೋಬರಿನಲ್ಲಿ, ಅಂದರೆ ನಮ್ಮ ಗುಲಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯವನ್ನು ಬಿಟ್ಟು ಕನ್ನಡನಾಡಿಗೆ ಸೇರುವುದಕ್ಕೆ ಕೆಲವೇ ದಿನ ಮುಂಚೆ, ಕೇಂದ್ರ ಸರಕಾರ ತನ್ನ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿಯನ್ನು ಆರಂಭಿಸಿತು. ಅದು ಬೆಳೆಯುತ್ತ ಬೆಳೆಯುತ್ತ, ಸ್ವಂತ ಊರಿಗೆ ಹೋಗುವ ಬದಲು ಅಂಡಮಾನಕ್ಕೆ ವಿಮಾನದಲ್ಲಿ ಹೋಗಿಬರಲು ಸಹ ಅವಕಾಶವಾಯಿತು. ಗುಮಾಸ್ತನೊಬ್ಬ ಸರಕಾರಿ ಖರ್ಚಿನಲ್ಲಿ ಸಮುದ್ರ ನೋಡಿ ಬಂದರೆ ನಾವು ಅವನನ್ನು ಬಯ್ಯುವುದಿಲ್ಲ. ಹಾಗೆ ಬಯ್ಯಬೇಕೆಂದು ನಮ್ಮ ಮಾಲಿಕರ ಆಸೆ. ಬಡವ ಬಡವನ ಜೊತೆ ಜಗಳಾಡಿದರೆ ಅವರಿಗೆ ನೆಮ್ಮದಿ. ಆ ಗುಮಾಸ್ತನಿಗೆ ಸಿಕ್ಕದ್ದು ನ್ಯಾಯವೇ. ನಾವು ಕೇಳುವುದು ಇಷ್ಟು: ಕಡತ ಎತ್ತಿಡುವವನಿಗೆ ಸಮುದ್ರದ ಗಾಳಿ ಬೇಕಾಗುವುದಾದರೆ, ಮಿಲ್ಲಿನ ಧೂಳಿನಲ್ಲಿ ಹತ್ತು ತಾಸು ಉಸಿರಾಡುವವನಿಗೆ ಬೇಡವೇ? ಯಾರ ಎದೆಗೆ ಆ ಗಾಳಿ ಹೆಚ್ಚು ಅಗತ್ಯ?

2024ರ ಜನವರಿಯಲ್ಲಿ ದ್ವೀಪಗಳ ವಿಷಯ ದೇಶಭಕ್ತಿಯ ಪರೀಕ್ಷೆಯೇ ಆಗಿಹೋದದ್ದು ನಿಮಗೆ ನೆನಪಿರಬಹುದು. ಪ್ರಧಾನಿ ಮೋದಿಯವರು ಲಕ್ಷದ್ವೀಪಕ್ಕೆ ಹೋಗಿ ಸಮುದ್ರದ ದಂಡೆಯಲ್ಲಿ ತೆಗೆಸಿಕೊಂಡ ಚಿತ್ರಗಳು ಪ್ರಕಟವಾದವು. ಮಾಲ್ಡೀವ್ಸಿನ ಮೂವರು ಉಪಮಂತ್ರಿಗಳು ಹಗುರ ಮಾತಾಡಿ ಕೆಲಸದಿಂದ ಅಮಾನತಾದರು. ಆಮೇಲೆ ನಮ್ಮ ಸಿನಿಮಾ ನಟರು, ಕ್ರಿಕೆಟ್ ಆಟಗಾರರು, ಮಾಲ್ಡೀವ್ಸನ್ನು ಬಹಿಷ್ಕರಿಸಿ ಲಕ್ಷದ್ವೀಪಕ್ಕೆ ಹೋಗಿ ಎಂದು ದೇಶಕ್ಕೆ ಕರೆಯಿತ್ತರು. ಶ್ರೀಮಂತರು ಯಾವ ದಂಡೆಯಲ್ಲಿ ಸ್ನಾನ ಮಾಡಬೇಕೆಂಬುದು ದಿನಗಟ್ಟಲೆ ರಾಷ್ಟ್ರೀಯ ಪ್ರಶ್ನೆಯಾಗಿತ್ತು. ಅದೇ ದಿನಗಳಲ್ಲಿ ಗಂಜಿನಲ್ಲಿ ತೊಗರಿ ಇಳಿಯುತ್ತಿತ್ತು. ಇಳಿಸುವವನ ದೇಶಭಕ್ತಿಯನ್ನು ಯಾರೂ ಕೇಳಲಿಲ್ಲ, ಅವನ ರಜೆಯನ್ನಂತೂ ಮೊದಲೇ ಕೇಳುವುದಿಲ್ಲ.

ಆ ದ್ವೀಪದವರನ್ನಾದರೂ ಕೇಳಿದರೇ? ಲಕ್ಷದ್ವೀಪದಲ್ಲಿ 36 ದ್ವೀಪಗಳು, ಜನವಸತಿ ಇರುವುದು 10ರಲ್ಲಿ. ಎಲ್ಲ ಕೂಡಿಸಿದರೆ 32 ಚದರ ಕಿಲೋಮೀಟರು ನೆಲ, ನಮ್ಮ ನಾಲ್ಕೈದು ಹಳ್ಳಿಗಳ ಹೊಲದಷ್ಟು. 2011ರ ಜನಗಣತಿಯಂತೆ 64 ಸಾವಿರ ಜನ. ಹವಳದ ಮರಳಿನ ಕೆಳಗೆ, ಉಪ್ಪುನೀರಿನ ಮೇಲೆ, ಸಿಹಿನೀರು ತೆಳ್ಳಗೆ ತೇಲಿಕೊಂಡಿರುತ್ತದೆ. ಬಾವಿಯಿಂದ ಮಿತಿಮೀರಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಹೊಟೇಲಿನ ಈಜುಕೊಳಕ್ಕೆ ನೀರು ತುಂಬಿದಷ್ಟೂ ಮೀನುಗಾರನ ಬಾವಿ ಕೆಡುತ್ತದೆ. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಹೆಸರಿನಲ್ಲಿ ಜನರ ನೆಲವನ್ನು ತೆಗೆದುಕೊಳ್ಳಲು ಅಧಿಕಾರ ಕೊಡುವ ಕರಡು ನಿಯಮ ಬಂದಾಗ ಆ ಜನ ಮನೆಮನೆಗಳಲ್ಲಿ ಉಪವಾಸ ಕುಳಿತು ಪ್ರತಿಭಟಿಸಿದರು. ಅತ್ತ ಅಂಡಮಾನ್-ನಿಕೋಬಾರಿನ ತುದಿಯ ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ನಗರ ಇವಕ್ಕಾಗಿ ಸುಮಾರು 130 ಚದರ ಕಿಲೋಮೀಟರು ಕಾಡನ್ನು ಬಿಟ್ಟುಕೊಡಲು 2022ರಲ್ಲಿ ಅನುಮತಿ ಸಿಕ್ಕಿತು. ಆ ಕಾಡಿನಲ್ಲಿ ಶೊಂಪೆನ್ ಎಂಬ ಜನರು ಯಾವ ಫಲಕವನ್ನೂ ನೋಡದೆ ಬದುಕುತ್ತಾ ಬಂದಿದ್ದಾರೆ. ಒಂದು ಕಾಲಕ್ಕೆ ಬ್ರಿಟಿಷರು ನಮ್ಮವರನ್ನು ಕಾಲಾಪಾನಿಯೆಂದು ಅಂಡಮಾನಕ್ಕೆ ಅಟ್ಟಿದರು. ಇಂದು ಹೋಗುವವರು ಸಂತೋಷದಿಂದ ಹೋಗುತ್ತಾರೆ, ಶಿಕ್ಷೆ ಅಲ್ಲಿದ್ದವರಿಗೆ.

ನೀರಿನ ಮಾತನ್ನು ಅಫಜಲಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭೀಮೆಯ ದಂಡೆಯಲ್ಲಿದ್ದುಕೊಂಡೇ ಬೇಸಿಗೆಯಲ್ಲಿ ಕೊಡ ಹಿಡಿದು ಸಾಲು ನಿಲ್ಲುವವರು ಅವರು. ಮಳೆಗಾಲಕ್ಕೆ ಅದೇ ಭೀಮೆ ಮೇಲಿನ ಉಜನಿ ಅಣೆಕಟ್ಟಿನಿಂದ, ಸೀನಾ ನದಿಯಿಂದ ಲಕ್ಷಾಂತರ ಕ್ಯೂಸೆಕ್ ನೀರನ್ನು ಹೊತ್ತು ಬರುತ್ತದೆ. 2020ರ ಅಕ್ಟೋಬರಿನಲ್ಲಿ ಬಂತು, 2025ರ ಸೆಪ್ಟೆಂಬರಿನಲ್ಲಿ ಬಂತು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀದಂಡೆಯ ಊರುಗಳು ನಡುಗಡ್ಡೆಗಳಾದವೆಂದು ಪತ್ರಿಕೆಗಳು ಬರೆದವು. ನಡುಗಡ್ಡೆಯೆಂದರೆ ದ್ವೀಪವೇ ಅಲ್ಲವೇ? ಅಪ್ಪಟ ಉಷ್ಣವಲಯದ ದ್ವೀಪಗಳು! ನಾಲ್ಕು ರಾತ್ರಿ ಐದು ಹಗಲು ನಮ್ಮವರು ಪುಕ್ಕಟೆಯಾಗಿ ಶಾಲೆಯ ಕೋಣೆಗಳಲ್ಲಿ, ಗುಡಿಯ ಪೌಳಿಗಳಲ್ಲಿ ತಂಗಿದರು. ಹೂವಿಗೆ ಬರಬೇಕಾಗಿದ್ದ ತೊಗರಿ ನಿಂತಲ್ಲೇ ಕೊಳೆಯಿತು. ಆ ಪ್ರವಾಸದ ಬಣ್ಣದ ಚಿತ್ರವನ್ನು ಯಾವ ಕಂಪನಿಯೂ ಗೋಡೆಗೆ ಅಂಟಿಸಲಿಲ್ಲ.

ಕಂತಿನ ವಿಷಯವಾಗಿ ಒಂದೇ ಮಾತು. ಈಗ ಹೋಗಿ, ಆಮೇಲೆ ಕೊಡಿ ಎಂಬ ಮೋಹಕ್ಕೆ ನಮ್ಮ ತರುಣ ಮಿತ್ರರು ಕೆಲವರು ಬೀಳುತ್ತಿದ್ದಾರೆ. ಗುತ್ತೇದಾರನ ಮುಂಗಡ ತೆಗೆದುಕೊಂಡು ವರ್ಷವಿಡೀ ಅದನ್ನೇ ತೀರಿಸಿದ ಅಪ್ಪನ ಮಗ, ಬಡ್ಡಿಯ ಮೇಲೆ ಸೂಟಿ ಕೊಂಡು ವರ್ಷವಿಡೀ ಅದನ್ನೇ ತೀರಿಸಿದರೆ ಇದರಲ್ಲಿ ಪ್ರಗತಿ ಎಲ್ಲಿದೆ? ಕಾನೂನು ಕೊಟ್ಟ 15 ದಿನವನ್ನು ಮಾಲಿಕನಿಗೆ ಬಿಟ್ಟುಕೊಟ್ಟು, ಸಾಲ ಮಾಡಿ 4 ದಿನ ಕೊಳ್ಳುವುದು ಯಾವ ವ್ಯಾಪಾರ?

ಕೂಲಿಯವನಿಗೆ ರಜೆ ಕೊಟ್ಟರೆ ಅವನಿಗೆ ಅದನ್ನು ಕಳೆಯಲು ಬರುವುದಿಲ್ಲ, ಕುಡಿದು ಬೀಳುತ್ತಾನೆ ಎನ್ನುವ ಮಹಾಶಯರಿದ್ದಾರೆ. ಅವರು ಎಳ್ಳಮಾಸಿಯ ದಿನ ಒಮ್ಮೆ ನಮ್ಮ ಹಳ್ಳಿಗಳಿಗೆ ಬರಲಿ. ಆಳಂದದಿಂದ ಜೇವರ್ಗಿಯವರೆಗೆ ಊರಿಗೆ ಊರೇ ಖಾಲಿಯಾಗಿ ಹೊಲ ಸೇರಿರುತ್ತದೆ. ಚರಗ ಚೆಲ್ಲಿ, ಭೂಮಿಗೆ ಉಣಿಸಿ, ಆಮೇಲೆ ಮರದ ನೆರಳಿನಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಸ್ವಂತ ಹೊಲವಿಲ್ಲದವನನ್ನು ಇದ್ದವನು ಕೂಗಿ ಕರೆಯುತ್ತಾನೆ. ಜೋಳದ ಹಸಿರಿನ ನಡುವೆ ಆ ಒಂದು ಮರದ ನೆರಳು ಯಾವ ದ್ವೀಪಕ್ಕೆ ಕಡಿಮೆ? ಗಾಣಗಾಪುರದ ದತ್ತ ಜಯಂತಿಯಾಗಲಿ, ಆಳಂದದ ಲಾಡ್ಲೆ ಮಶಾಕರ ಉರುಸಾಗಲಿ, ಶರಣಬಸವೇಶ್ವರರ ತೇರಾಗಲಿ, ದುಡಿಯುವ ಜನ ಸೂಟಿ ಕಳೆಯುವ ವಿದ್ಯೆಯನ್ನು ತಲೆತಲಾಂತರದಿಂದ ಬಲ್ಲರು. ಅವರಿಗೆ ತಿಳಿಯದ್ದು ಒಂದೇ: ಆ ದಿನದ ಪಗಾರವನ್ನು ಕಳೆದುಕೊಳ್ಳದೆ ಹೋಗಿಬರುವುದು ಹೇಗೆಂಬುದು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾದಾಗ ಕೇಳಿಬಂದ ಮಾತುಗಳು ನಿಮಗೆ ಗೊತ್ತೇ ಇವೆ. ಹೆಂಗಸರು ಮನೆ ಬಿಟ್ಟು ತಿರುಗತೊಡಗಿದರು, ಬಸ್ಸುಗಳೆಲ್ಲ ಗುಡಿಗಳಿಗೇ ಓಡುತ್ತಿವೆ ಎಂದು ಕಾರಿನಲ್ಲಿ ಓಡಾಡುವವರು ಮರುಗಿದರು. ತಿರುಗಲಿ, ಸ್ವಾಮಿ! ಮೂವತ್ತು ವರ್ಷ ಬೇಳೆ ಹಸನು ಮಾಡಿ ಕಣ್ಣು ಮಂಜಾದ ತಾಯಿ ಮೊದಲ ಸಲ ಜಿಲ್ಲೆ ದಾಟಿ ಹೋದರೆ ನಿಮ್ಮದೇನು ಗಂಟು ಹೋಯಿತು?

ಆ ಬಸ್ಸನ್ನೇ ಹಿಡಿದು ಒಂದು ದ್ವೀಪಕ್ಕೂ ಹೋಗಬಹುದು. ಅದಕ್ಕೆ ಅಂಡಮಾನವೇ ಆಗಬೇಕಿಲ್ಲ. ಉಡುಪಿಯ ಪಕ್ಕದ ಮಲ್ಪೆ ಬಂದರಿನ ಎದುರಿಗೆ ಸೇಂಟ್ ಮೇರಿ ದ್ವೀಪಗಳಿವೆ. ನಮ್ಮ ರಾಜ್ಯದ್ದೇ ಸಮುದ್ರ, ನಮ್ಮ ರಾಜ್ಯದ್ದೇ ತೆಂಗಿನ ಮರಗಳು. ಜೋಡಿಸಿಟ್ಟ ಕಂಬಗಳಂತೆ ನಿಂತ ಕಲ್ಲುಗಳು ಅಲ್ಲಿವೆ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯೊಳಗಿನಿಂದ ಉಕ್ಕಿದ ಬೆಂಕಿರಸ ಆರಿ ಆದವು. ನಮ್ಮ ಆಳಂದದ ಕರಿಕಲ್ಲೂ ಬೇರೊಂದು ಕಾಲದಲ್ಲಿ ಹಾಗೆಯೇ ಉಕ್ಕಿ ಹರಿದು ಆದದ್ದು, ಅದು ಪುಡಿಯಾಗಿಯೇ ತೊಗರಿ ಬೆಳೆಯುವ ಎರೆಮಣ್ಣು ಆಯಿತು. ಆದ್ದರಿಂದ ನಮ್ಮವರು ಅಲ್ಲಿಗೆ ಹೋದರೆ ಪೂರ್ತಿ ಪರಕೀಯರೇನೂ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಹೋಗಲು ಒಂದು ದಿನ, ಬರಲು ಒಂದು ದಿನ, ನೋಡಲು ಎರಡು ದಿನ: ಒಟ್ಟು ನಾಲ್ಕು ದಿನದ ಲೆಕ್ಕ. ಸಾಧಾರಣ ಬಸ್ಸಿನಲ್ಲಿ ಹೆಂಡತಿಗೆ ಟಿಕೇಟಿಲ್ಲ, ಗಂಡನಿಗೆ ಮಾತ್ರ. ಮನೆಯ ಯಜಮಾನಿಕೆ ಯಾರದೆಂದು ದಾರಿಯಲ್ಲಿ ತೀರ್ಮಾನವಾಗಲಿ. ರಾಜಹಂಸ, ಸ್ಲೀಪರು, ಎ.ಸಿ. ಬಸ್ಸು ಹತ್ತಿದರೆ ಇಬ್ಬರಿಗೂ ದುಡ್ಡು ಬೀಳುತ್ತದೆ, ಎಚ್ಚರ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಸಣ್ಣ ವ್ಯಾಪಾರಿ ಮಿತ್ರರೇ, ಇಷ್ಟು ಹೊತ್ತು ಇದು ಕೂಲಿಕಾರರ ಪುರಾಣವೆಂದು ನೀವು ಪುಟ ಮಗುಚಿಲ್ಲವಷ್ಟೆ? ನಿಮ್ಮ ಸ್ಥಿತಿಯೇನು ಬೇರೆಯೇ? ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ರಾತ್ರಿ ಹತ್ತಕ್ಕೆ ಹಾಕುತ್ತೀರಿ. ಆಳಿಗೆ ಕಾಯಿದೆ ಇದೆ. ಗಲ್ಲೆಯ ಮೇಲೆ ಕುಳಿತ ನಿಮಗೆ ಅದೂ ಇಲ್ಲ. ಒಂದು ದಿನ ಅಂಗಡಿ ಮುಚ್ಚಿದರೆ ಗಿರಾಕಿ ಎದುರಿನ ಅಂಗಡಿಗೆ ಹೋದಾನೆಂಬ ಹೆದರಿಕೆ ನಿಮ್ಮನ್ನು ಅಲ್ಲಿಗೇ ಕಟ್ಟಿಹಾಕಿದೆ. ಅದೇ ಹೆದರಿಕೆ ಎದುರಿನವನಿಗೂ ಇದೆ! 2021ರಲ್ಲಿ ನಮ್ಮ ಸರಕಾರ 10 ಅಥವಾ ಹೆಚ್ಚು ಆಳುಗಳಿರುವ ಅಂಗಡಿಗಳು ಹಗಲೂ ರಾತ್ರಿ ತೆರೆದಿರಬಹುದೆಂದು ಅಪ್ಪಣೆ ಹೊರಡಿಸಿತು. ಪಾಳಿಯ ಮೇಲೆ ಆಳು ಇಡಬಲ್ಲ ದೊಡ್ಡವನಿಗೆ ಅದು ವರ. ಗಂಡ-ಹೆಂಡತಿ ಇಬ್ಬರೇ ನಡೆಸುವ ಕಿರಾಣಿ ಅಂಗಡಿಗೆ ಅದು ಏನು? ಪೇಟೆಯವರೆಲ್ಲ ಕೂಡಿ ವಾರಕ್ಕೊಂದು ದಿನ ಒಟ್ಟಿಗೆ ಬಾಗಿಲು ಹಾಕುವ ನಿಯಮವನ್ನು ನೀವೇ ಮಾಡಿಕೊಳ್ಳದ ಹೊರತು ಯಾವ ಸರಕಾರವೂ ನಿಮಗೆ ಬಿಡುವು ಕೊಡಲಾರದು. ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿರಿ: ಪಗಾರಸಹಿತ ರಜೆ ಸಿಕ್ಕ ಕಾರ್ಮಿಕ ಆ ಹಣವನ್ನು ಎಲ್ಲಿ ಖರ್ಚು ಮಾಡುತ್ತಾನೆ? ಮಗನಿಗೆ ಚಪ್ಪಲಿ, ಹೆಂಡತಿಗೆ ಸೀರೆ, ದಾರಿಗೆ ಚೂಡಾ, ಒಂದು ಚೀಲ; ಎಲ್ಲ ನಿಮ್ಮಲ್ಲಿಯೇ. ಮಿಲ್ಲಿನ ಮಾಲಿಕನಿಗೆ ಉಳಿದ ಹಣ ವಿಮಾನ ಹತ್ತಿ ದ್ವೀಪಕ್ಕೆ ಹೋಗುತ್ತದೆ, ನಿಮ್ಮ ಬೀದಿಗೆ ಬರುವುದಿಲ್ಲ. ನಿಮ್ಮ ಅಂಗಡಿಯ ಹುಡುಗನಿಗೂ 1961ರ ಅಂಗಡಿ ಕಾಯಿದೆಯ ಪ್ರಕಾರ ವಾರದ ಬಿಡುವು, ವರ್ಷದ ರಜೆ ಸಲ್ಲಬೇಕು. ಈ ಮಾತು ಕಹಿಯಾದರೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಕಾರ್ಮಿಕ ಇಲಾಖೆಯವರಿಗೆ ನಮ್ಮ ಕೇಳಿಕೆ ಚಿಕ್ಕದು. ಈ ಹಂಗಾಮಿನಲ್ಲಿ, ಮಿಲ್ಲು ತಿರುಗುತ್ತಿರುವಾಗಲೇ, ಮುಂಚಿತವಾಗಿ ಫೋನು ಮಾಡದೆ ಒಂದು ಸಲ ಒಳಗೆ ಬಂದು ತಲೆಗಳನ್ನೆಣಿಸಿರಿ. ಆಮೇಲೆ ಪುಸ್ತಕದ ಹೆಸರುಗಳನ್ನೆಣಿಸಿರಿ. ಗುತ್ತೇದಾರನ ಆಳನ್ನೂ ಎಣಿಕೆಗೆ ಹಿಡಿಯಿರಿ. ಗುತ್ತೇದಾರ ಬದಲಾದರೂ ಅದೇ ಮಿಲ್ಲಿನಲ್ಲಿ ದುಡಿದ ದಿನಗಳನ್ನು ಒಟ್ಟಿಗೆ ಕೂಡಿಸುವಂತೆ ಸರಕಾರ ನಿಯಮ ಮಾಡಲಿ. ಹಮಾಲನಿಗೆ ಚೀಲದ ಲೆಕ್ಕದ ಕೂಲಿಯಾದರೂ ವರ್ಷದ ರಜೆಯ ಹಣ ಗಂಜಿನ ವಹಿವಾಟಿನಿಂದಲೇ ಹುಟ್ಟಲಿ. ಅಡತಿ, ದಲ್ಲಾಳಿ ಎಲ್ಲರ ಪಾಲೂ ಅದರಿಂದಲೇ ಹುಟ್ಟುತ್ತಿರುವಾಗ ಇದೊಂದು ಅಸಾಧ್ಯವೇನಲ್ಲ.

ಗೆಳೆಯರೇ, ನೀವು ಮಾಡಬೇಕಾದದ್ದೂ ಇದೆ. ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಒಂದು ಹಾಳೆ ತೆಗೆದು ದುಡಿದ ದಿನಕ್ಕೊಂದು ಗೆರೆ ಎಳೆಯುತ್ತ ಹೋಗಿರಿ. ಓದಲು ಬಾರದವರಿಗೆ ಮನೆಯ ಹುಡುಗಿ ಬರೆದುಕೊಡಲಿ. ಕೂಲಿ ಯಾರು ಕೊಟ್ಟರು, ಯಾವ ಮಿಲ್ಲಿನೊಳಗೆ ದುಡಿದದ್ದು, ಪಕ್ಕದಲ್ಲಿ ಯಾರಿದ್ದರು, ಇಷ್ಟು ಬರೆದರೆ ಸಾಕು. ನೂರಾಎಂಬತ್ತನೆಯ ಗೆರೆ ಬಿದ್ದ ಮರುದಿನ ರಜೆಯ ಅರ್ಜಿಯನ್ನು ಬಾಯಿಮಾತಿನಲ್ಲಿ ಹೇಳದೆ ಕಾಗದದ ಮೇಲೆ ಎರಡು ಪ್ರತಿ ಬರೆದು, ಒಂದರ ಮೇಲೆ ಮುನೀಮರ ಸಹಿ ಹಾಕಿಸಿಕೊಂಡು ಬನ್ನಿರಿ. ಒಬ್ಬರೇ ಹೋಗಬೇಡಿ, ಹತ್ತು ಮಂದಿ ಕೂಡಿ ಹೋಗಿರಿ. ಎಲ್ಲಿಗೆ ಹೊಂಟೀರಿ, ಅಂಡಮಾನಕ್ಕೇನು ಎಂದು ಅವರು ಕೇಳಿದರೆ, ಮಲ್ಪೆಗೆ ಎನ್ನಿರಿ.